ಖಾಲಿ ಎಂದುಕೊಂಡ ಬಂದೂಕು: ಹೊಸದಾಗಿ ಬಂದೂಕು ಪಡೆದವರು ಮೊದಲು ಅರಿಯಬೇಕಾದದ್ದು

ಬಂದೂಕಿನಿಂದಾದ ಆಕಸ್ಮಿಕಗಳ ಸುದ್ದಿಯನ್ನು ಓದುತ್ತ ಹೋದರೆ ಒಂದೇ ಮಾತು ಮತ್ತೆ ಮತ್ತೆ ಎದುರಾಗುತ್ತದೆ: "ಒಳಗೆ ಗುಂಡಿಲ್ಲ ಎಂದುಕೊಂಡಿದ್ದೆ." ಗುಂಡು ತುಂಬಿದೆ ಎಂದು ಗೊತ್ತಿರುವ ಬಂದೂಕನ್ನು ಯಾರೂ ಸಲಿಗೆಯಿಂದ ಮುಟ್ಟುವುದಿಲ್ಲ, ಆಗ ಮೈಯೆಲ್ಲ ಕಣ್ಣಾಗಿರುತ್ತದೆ. ಒರೆಸಲೆಂದು ಮೇಜಿನ ಮೇಲೆ ಇಟ್ಟುಕೊಂಡದ್ದು, ಗೆಳೆಯನಿಗೆ ತೋರಿಸಲೆಂದು ಹೊರತೆಗೆದದ್ದು, ಬೀರುವಿನಲ್ಲಿ ಜಾಗ ಮಾಡಲೆಂದು ಪಕ್ಕಕ್ಕೆ ಸರಿಸಿದ್ದು, ಇಂಥ 'ಖಾಲಿ' ಬಂದೂಕುಗಳೇ ಮನೆಯವರನ್ನೂ ನೆರೆಯವರನ್ನೂ ಗಾಯಗೊಳಿಸುತ್ತವೆ. ಸುರಕ್ಷತೆಯ ನಿಯಮಗಳೆಲ್ಲ ಈ ಒಂದು ಭ್ರಮೆಯನ್ನು ಎದುರಿಟ್ಟುಕೊಂಡೇ ಹುಟ್ಟಿವೆ ಎಂದರೂ ನಡೆಯುತ್ತದೆ.

ಕ್ರೀಡೆಗೆಂದೋ, ಬೆಳೆಯ ರಕ್ಷಣೆಗೆಂದೋ, ಆತ್ಮರಕ್ಷಣೆಗೆಂದೋ, ಹಿರಿಯರಿಂದ ಬಂದ ಆಸ್ತಿಯಾಗಿಯೋ ಮೊದಲ ಬಾರಿಗೆ ಬಂದೂಕು ಕೈಗೆ ಬಂದವರಿಗಾಗಿ ಈ ಬರಹ. ಪರವಾನಗಿ, ಸಾಗಣೆ, ನವೀಕರಣಗಳ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿರುವುದರಿಂದ ಅವನ್ನು ಇಲ್ಲಿ ಚರ್ಚಿಸಿಲ್ಲ. ಓದಿನಿಂದಲೇ ಬಂದೂಕು ಹಿಡಿಯುವುದನ್ನು ಕಲಿಯಲಾಗದು. ಅದನ್ನು ಅನುಭವಿ ತರಬೇತುದಾರರ ಕಣ್ಣೆದುರು ಕೈಯಾರೆ ಮಾಡಿಯೇ ಕಲಿಯಬೇಕು. ಆದರೆ ಪ್ರತಿ ನಿಯಮದ ಹಿಂದಿನ ಕಾರಣ ಮೊದಲೇ ತಿಳಿದಿದ್ದರೆ ಕಲಿತದ್ದು ಕೈಯಲ್ಲಿ ನಿಲ್ಲುತ್ತದೆ.

ಟ್ರಿಗರ್ ಎಳೆದಾಗ ಒಳಗೆ ನಡೆಯುವುದೇನು?

ಆಡುಮಾತಿನಲ್ಲಿ ನಾವು ಎಲ್ಲವನ್ನೂ 'ಗುಂಡು' ಎಂದುಬಿಡುತ್ತೇವೆ. ಬಂದೂಕಿಗೆ ತುಂಬುವುದು ತೋಟಾ. ಗುಂಡು ಅದರ ಒಂದು ಭಾಗ ಮಾತ್ರ. ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡಿದ ಒಂದು ಪುಟ್ಟ ಕೊಳವೆ, ಅದರ ತಳದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕಾರುವ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಬಾಯಿಯಲ್ಲಿ ಬಿಗಿಯಾಗಿ ಕೂತ ಗುಂಡು, ಇವಿಷ್ಟೂ ಸೇರಿದರೆ ಒಂದು ತೋಟಾ. ಟ್ರಿಗರ್ ಎಳೆದಾಗ ಫೈರಿಂಗ್ ಪಿನ್ ಎಂಬ ಉಕ್ಕಿನ ಮೊಳೆ ಪ್ರೈಮರನ್ನು ಕುಟ್ಟುತ್ತದೆ. ಗೀರಿದ ಬೆಂಕಿಕಡ್ಡಿಯಂತೆ ಅದು ಹೊತ್ತಿಕೊಂಡು ಮದ್ದನ್ನು ಹೊತ್ತಿಸುತ್ತದೆ. ಮದ್ದು ಕ್ಷಣಾರ್ಧದಲ್ಲಿ ಉರಿದು ಬಿಸಿ ಅನಿಲವಾಗುತ್ತದೆ. ಹಿಗ್ಗಲು ಬೇರೆ ದಾರಿಯಿಲ್ಲದ ಆ ಅನಿಲ ಗುಂಡನ್ನು ನಳಿಕೆಯುದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ. ಸಾಮಾನ್ಯ 9 ಮಿ.ಮೀ. ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಬೀಳುತ್ತದೆ; ದೊಡ್ಡ ರೈಫಲ್‌ಗಳಲ್ಲಿ ಇದು 800 ಮೀಟರನ್ನೂ ದಾಟುತ್ತದೆ.

ಇನ್ನೆರಡು ಪದಗಳನ್ನು ಇಲ್ಲೇ ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಹೊಸಬರ ಗೊಂದಲವೆಲ್ಲ ಅವುಗಳ ನಡುವೆಯೇ ಇದೆ. ಚೇಂಬರ್ ಎಂದರೆ ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ಸಿಡಿಯುವುದು ಅಲ್ಲಿರುವ ತೋಟಾ ಮಾತ್ರ. ಮ್ಯಾಗಜೀನ್ ಎಂದರೆ ಮುಂದಿನ ಸರದಿಗಾಗಿ ಕಾದಿರುವ ತೋಟಾಗಳ ಡಬ್ಬಿ. ಚೇಂಬರನ್ನು ಬಾಯಿ ಎಂದೂ ಮ್ಯಾಗಜೀನನ್ನು ತಟ್ಟೆ ಎಂದೂ ಭಾವಿಸಿಕೊಳ್ಳಿ. ತಟ್ಟೆಯನ್ನು ಎತ್ತಿ ಆಚೆ ಇಟ್ಟರೂ ಬಾಯಲ್ಲಿ ಒಂದು ತುತ್ತು ಉಳಿದಿರಬಹುದು. ಮ್ಯಾಗಜೀನ್ ಹೊರತೆಗೆದು "ಖಾಲಿಯಾಯಿತು" ಎಂದುಕೊಳ್ಳುವವರು ಮರೆಯುವುದು ಈ ತುತ್ತನ್ನೇ.

ನಾಲ್ಕು ನಿಯಮಗಳು, ಒಂದರ ಬೆನ್ನಿಗೆ ಇನ್ನೊಂದು

ಇಂದು ಜಗತ್ತಿನ ಬಹುಪಾಲು ತರಬೇತಿಗಳಲ್ಲಿ ಕೇಳಿಬರುವ ನಾಲ್ಕು ನಿಯಮಗಳ ರೂಪವನ್ನು ಜನಪ್ರಿಯಗೊಳಿಸಿದವರು ಜೆಫ್ ಕೂಪರ್ (1920–2006). ಅಮೆರಿಕದ ಮರೀನ್ ಪಡೆಯಲ್ಲಿ ಅಧಿಕಾರಿಯಾಗಿದ್ದ ಅವರು 1976ರಲ್ಲಿ ಆರಿಜೋನಾದಲ್ಲಿ ತರಬೇತಿ ಶಾಲೆಯೊಂದನ್ನು ಸ್ಥಾಪಿಸಿದರು. ಬೇರೆ ಬೇರೆ ಸಂಸ್ಥೆಗಳು ಈ ನಿಯಮಗಳನ್ನು ಮೂರಾಗಿಯೋ ಹತ್ತಾಗಿಯೋ ಹೇಳುವುದುಂಟು, ತಿರುಳು ಬದಲಾಗುವುದಿಲ್ಲ.

ಮೊದಲನೆಯದು, ಪ್ರತಿಯೊಂದು ಬಂದೂಕೂ ಸದಾ ತುಂಬಿಯೇ ಇದೆ ಎಂದು ನಡೆದುಕೊಳ್ಳುವುದು. ಈಗಷ್ಟೇ ತೆರೆದು ನೋಡಿ ಖಾಲಿ ಎಂದು ಖಚಿತಪಡಿಸಿಕೊಂಡ ಬಂದೂಕಿಗೂ ಇದು ಅನ್ವಯಿಸುತ್ತದೆಯೇ ಎಂದು ಹೊಸಬರು ಕೇಳುತ್ತಾರೆ. ಹೌದು, ಅದಕ್ಕೂ ಅನ್ವಯಿಸುತ್ತದೆ. ನಮ್ಮ ನೆನಪು ಮೋಸ ಮಾಡಬಹುದು. ನಾವು ಫೋನ್ ಕರೆಗೆಂದು ಎದ್ದು ಹೋಗಿ ಬರುವಷ್ಟರಲ್ಲಿ ಬೇರೊಬ್ಬರು ಅದನ್ನು ಮುಟ್ಟಿರಬಹುದು. ಮನೆಯಿಂದ ಹೊರಟವರು ಬೀಗ ಹಾಕಿದ್ದೇನೆಂಬ ನಂಬಿಕೆಯಿದ್ದರೂ ಒಮ್ಮೆ ಜಗ್ಗಿ ನೋಡುವಂತೆ, ಬಂದೂಕು ಕೈಗೆ ಬಂದಾಗಲೆಲ್ಲ ತೆರೆದು ನೋಡುವುದು ರೂಢಿಯಾಗಬೇಕು. ಒಬ್ಬರು ನೋಡಿ, ಖಾಲಿ ಎಂದು ತೋರಿಸಿ, ನಿಮ್ಮ ಕೈಗೆ ಕೊಟ್ಟರೂ ನೀವು ಮತ್ತೊಮ್ಮೆ ನೋಡಬೇಕು. ಬಲ್ಲವರು ಯಾರೂ ಇದನ್ನು ಅಪನಂಬಿಕೆ ಎಂದು ತಿಳಿಯುವುದಿಲ್ಲ. ನೋಡದೆ ಇಸಿದುಕೊಂಡವರನ್ನು ಕಂಡೇ ಅವರು ಹುಬ್ಬೇರಿಸುತ್ತಾರೆ.

ಎರಡನೆಯದು, ನಾಶವಾದರೂ ಸರಿ ಎಂದು ನೀವು ಒಪ್ಪದ ಯಾವುದರ ಕಡೆಗೂ ನಳಿಕೆಯ ಬಾಯಿ ತಿರುಗಬಾರದು. ನಳಿಕೆಯ ತುದಿಯಿಂದ ಸದಾ ಒಂದು ಬೆಳಕಿನ ಕೋಲು ಹೊರಟು, ಮುಟ್ಟಿದ್ದನ್ನೆಲ್ಲ ಕೊರೆಯುತ್ತಿದೆ ಎಂದು ಕಲ್ಪಿಸಿಕೊಂಡರೆ ಈ ನಿಯಮ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಮೇಜಿನಿಂದ ಎತ್ತುವಾಗ, ಚೀಲದಿಂದ ತೆಗೆಯುವಾಗ, ಪಕ್ಕದವರ ಕರೆಗೆ ಓಗೊಟ್ಟು ತಿರುಗುವಾಗ ಆ ಕೋಲು ಯಾರ ಮೈಮೇಲೆ ಹಾದುಹೋಯಿತು ಎಂದು ಗಮನಿಸಬೇಕು; ನಿಮ್ಮದೇ ಎಡಗೈಯೂ ಕಾಲೂ ಇದಕ್ಕೆ ಹೊರತಲ್ಲ. ಯಾವ ದಿಕ್ಕು ಸುರಕ್ಷಿತ ಎಂಬುದನ್ನು ಆಯಾ ಜಾಗವೇ ನಿರ್ಧರಿಸುತ್ತದೆ. ಬಯಲಿನಲ್ಲಿ ಸಾಮಾನ್ಯವಾಗಿ ಮೆತ್ತನೆಯ ನೆಲದ ಕಡೆ ಸರಿ. ಮಹಡಿಯ ಮನೆಯಲ್ಲಿ ನೆಲದ ಕೆಳಗೂ ಚಾವಣಿಯ ಮೇಲೂ ಜನರಿರುತ್ತಾರೆ.

ಮೂರನೆಯದು, ಗುರಿ ಹಿಡಿದು ಸಿಡಿಸುವ ನಿರ್ಧಾರವಾಗುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಅದು ಟ್ರಿಗರ್ ಸುತ್ತಲಿನ ಕಂಬಿಯ ಹೊರಗೆ, ಬಂದೂಕಿನ ಮೈಗುಂಟ ನೇರವಾಗಿ ಚಾಚಿರಬೇಕು. ಇದರ ಕಾರಣ ನಮ್ಮ ಶರೀರದಲ್ಲೇ ಇದೆ. ಎಡವಿದಾಗ, ದೊಡ್ಡ ಸದ್ದಿಗೆ ಬೆಚ್ಚಿದಾಗ, ಒಂದು ಕೈಯಿಂದ ಬಾಗಿಲನ್ನು ಜಗ್ಗಿದಾಗ ಇನ್ನೊಂದು ಕೈಯ ಬೆರಳುಗಳೂ ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಮೆಟ್ಟಿಲಿನಲ್ಲಿ ಕಾಲು ಜಾರಿದವರು ಕೈಯಲ್ಲಿದ್ದ ಚೀಲವನ್ನು ಬಿಡುವ ಬದಲು ಇನ್ನಷ್ಟು ಬಿಗಿಯಾಗಿ ಹಿಡಿಯುವುದನ್ನು ನೋಡಿದ್ದೇವೆ. ಅನೇಕ ಪಿಸ್ತೂಲುಗಳ ಟ್ರಿಗರ್ ಎಳೆಯಲು ಎರಡರಿಂದ ಮೂರು ಕಿಲೋ ಒತ್ತಡ ಸಾಕು. ಬೆಚ್ಚಿಬಿದ್ದ ಮುಷ್ಟಿಯ ಬಲ ಅದಕ್ಕಿಂತ ಬಹಳ ಹೆಚ್ಚು. ಇಲ್ಲಿ ಮನಸ್ಸಿನ ಹಿಡಿತವನ್ನು ನೆಚ್ಚಿ ಫಲವಿಲ್ಲ, ಬೆರಳು ಅಲ್ಲಿರಲೇಬಾರದು.

ನಾಲ್ಕನೆಯದು, ಗುರಿ ಏನು, ಅದರ ಹಿಂದೆ ಏನಿದೆ ಎಂಬ ಎರಡನ್ನೂ ಖಚಿತವಾಗಿ ತಿಳಿದುಕೊಳ್ಳುವುದು. ಇದನ್ನು ಮುಂದೆ ಬೇರೆಯಾಗಿಯೇ ನೋಡೋಣ.

ಈ ನಿಯಮಗಳ ಜೋಡಣೆಯಲ್ಲಿ ಒಂದು ಜಾಣ್ಮೆಯಿದೆ. ಒಂದು ದಿನ ಖಾಲಿ ಎಂದುಕೊಂಡ ಬಂದೂಕು ಸಿಡಿದೇಬಿಟ್ಟಿತು ಎಂದುಕೊಳ್ಳಿ. ನಳಿಕೆ ಸುರಕ್ಷಿತ ದಿಕ್ಕಿನಲ್ಲಿದ್ದರೆ ಗೋಡೆ ಒಡೆಯುತ್ತದೆ, ಕಿವಿ ಗುಂಯ್ಗುಡುತ್ತದೆ, ಆದರೆ ಜೀವ ಉಳಿಯುತ್ತದೆ. ನಳಿಕೆ ತಪ್ಪಾಗಿ ಯಾರತ್ತಲೋ ತಿರುಗಿತು ಎಂದುಕೊಳ್ಳಿ. ಬೆರಳು ಹೊರಗಿದ್ದರೆ ಅದು ಸಿಡಿಯುವ ಸಂಭವ ತೀರ ಕಡಿಮೆ. ಮನುಷ್ಯರ ಪ್ರಾಣಕ್ಕೆ ಕುತ್ತು ಬರಬೇಕಾದರೆ ಸಾಮಾನ್ಯವಾಗಿ ಒಂದೇ ಹೊತ್ತಿಗೆ ಎರಡು ನಿಯಮಗಳು ಮುರಿಯಬೇಕು. ದಣಿದಾಗ, ಅವಸರದಲ್ಲಿದ್ದಾಗ ಯಾರಿಂದಲಾದರೂ ಒಂದು ತಪ್ಪು ಆಗುತ್ತದೆ ಎಂದು ಒಪ್ಪಿಕೊಂಡೇ ಈ ವ್ಯವಸ್ಥೆ ರೂಪುಗೊಂಡಿದೆ. ಮದ್ಯ ಕುಡಿದಾಗ ಅಥವಾ ಮಂಪರು ತರುವ ಔಷಧ ಸೇವಿಸಿದಾಗ ಬಂದೂಕನ್ನು ಮುಟ್ಟಲೇಬಾರದು ಎನ್ನುವುದೂ ಇದಕ್ಕಾಗಿಯೇ. ಆಗ ನಾಲ್ಕೂ ಒಟ್ಟಿಗೆ ಸಡಿಲವಾಗುತ್ತವೆ.

ಗುಂಡು ಎಲ್ಲಿಯವರೆಗೆ ಹೋಗುತ್ತದೆ?

ಗುರಿ ತಪ್ಪಿದ ಗುಂಡು ಎಲ್ಲೋ ಮಾಯವಾಗುವುದಿಲ್ಲ. ಕಲಿಯುವವರ ಕೈಗೆ ಮೊದಲು ಕೊಡುವ ಪಾಯಿಂಟ್ 22 (0.22 ಇಂಚು ಅಳತೆಯ) ರೈಫಲ್‌ನ ಗುಂಡು ಎರಡೂವರೆ ಗ್ರಾಮ್ ಆಸುಪಾಸಿನದು, ಕಡಲೆಕಾಳಿನ ಗಾತ್ರದ್ದು. ಅದೇ ಗುಂಡು ಅನುಕೂಲದ ಕೋನದಲ್ಲಿ ಹೊರಟರೆ ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ದೊಡ್ಡ ರೈಫಲ್‌ಗಳ ಗುಂಡು ಇನ್ನೂ ಎಷ್ಟೋ ದೂರ ಹೋಗುತ್ತದೆ. ಆದ್ದರಿಂದಲೇ ದಿಗಂತದ ಅಂಚಿನಲ್ಲಿ ನಿಂತ ಗುರಿಯತ್ತ, ಅಂದರೆ ಹಿಂದೆ ಬರೀ ಆಕಾಶ ಕಾಣುವಂತಿದ್ದರೆ, ರೈಫಲ್ ಸಿಡಿಸಬಾರದು. ಅಭ್ಯಾಸದ ಮೈದಾನಗಳಲ್ಲಿ ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಕಟ್ಟಿರುವುದು ಗುಂಡನ್ನು ನುಂಗಿಕೊಳ್ಳಲೆಂದೇ.

ಕಲ್ಲು, ಕಬ್ಬಿಣ, ಗಟ್ಟಿ ನೆಲಗಳಿಗೆ ಬಡಿದ ಗುಂಡು ದಿಕ್ಕು ಬದಲಿಸಿ ಚಿಮ್ಮುತ್ತದೆ. ನೀರಿನ ಮೇಲೂ ಹೀಗೆಯೇ ಆಗುತ್ತದೆ ಎಂಬುದು ಅನೇಕರಿಗೆ ಹೊಸ ವಿಷಯ: ಕೆರೆಯ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಪುಟಿಯುತ್ತ ಹೋಗುವಂತೆ ಓರೆಯಾಗಿ ತಗುಲಿದ ಗುಂಡೂ ಪುಟಿದು ಆಚೆ ದಡ ಸೇರಬಹುದು. ಮನೆಯೊಳಗಿನ ಹಲಗೆಯ ಗೋಡೆ, ಮರದ ಬಾಗಿಲುಗಳು ಗುಂಡಿಗೆ ಅಡ್ಡಿಯೇ ಅಲ್ಲ. ಅವು ದೃಷ್ಟಿಯನ್ನು ತಡೆಯುತ್ತವೆಯೇ ಹೊರತು ಗುಂಡನ್ನಲ್ಲ. ಸಂಭ್ರಮಕ್ಕೆಂದು ಆಕಾಶಕ್ಕೆ ಹಾರಿಸಿದ ಗುಂಡು ಬಂದು ಬೀಳುವ ಜಾಗವನ್ನು ಯಾರೂ ಹೇಳಲಾರರು, ಮತ್ತು ಹಾಗೆ ಬಿದ್ದ ಗುಂಡುಗಳಿಂದ ಜನ ಸತ್ತಿದ್ದಾರೆ.

ಗುರಿಯನ್ನು ಗುರುತಿಸುವುದೂ ಅಷ್ಟೇ ಮುಖ್ಯ. ಪೊದೆಯಲ್ಲಿ ಏನೋ ಅಲುಗಾಡಿತು, ಕತ್ತಲಲ್ಲಿ ಏನೋ ಸದ್ದಾಯಿತು ಎಂಬುದು ಗುರಿಯಲ್ಲ. ಅನುಮಾನದ ಸದ್ದಿನ ಕಡೆಗೆ ಬಂದೂಕಿನ ದುರ್ಬೀನಿನಿಂದ ನೋಡುವುದೆಂದರೆ, ಅಲ್ಲಿರುವುದು ಮನುಷ್ಯನಾಗಿದ್ದರೆ, ಅವನತ್ತ ನಳಿಕೆ ತಿರುಗಿಸಿದಂತೆಯೇ ಆಯಿತು. ನೋಡುವುದಕ್ಕೆ ಬೇರೆ ದುರ್ಬೀನು ಅಥವಾ ಕೈದೀಪವಿರಲಿ.

ಖಾಲಿ ಮಾಡುವ ಕ್ರಮ: ಮೊದಲು ತಟ್ಟೆ, ಆಮೇಲೆ ತುತ್ತು

ಮ್ಯಾಗಜೀನ್ ಇರುವ ಪಿಸ್ತೂಲೊಂದು ಕೈಯಲ್ಲಿದೆ ಎಂದುಕೊಳ್ಳೋಣ. ನಳಿಕೆ ಸುರಕ್ಷಿತ ದಿಕ್ಕಿನಲ್ಲಿ, ಬೆರಳು ಹೊರಗೆ. ಮೊದಲು ಮ್ಯಾಗಜೀನನ್ನು ಕಳಚಿ ಪಕ್ಕಕ್ಕಿಡಬೇಕು. ಅನಂತರ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗವನ್ನು, ಹಿಂದಕ್ಕೆ ಪೂರ್ತಿಯಾಗಿ ಎಳೆಯಬೇಕು. ಚೇಂಬರಿನಲ್ಲಿ ತೋಟಾ ಇದ್ದರೆ ಆಗ ಅದು ಹೊರಗೆ ಹಾರಿ ಬೀಳುತ್ತದೆ. ಅದು ನೆಲಕ್ಕೆ ಬೀಳಲಿ. ಗಾಳಿಯಲ್ಲೇ ಹಿಡಿಯಲು ಹೋದರೆ ನಳಿಕೆಯ ದಿಕ್ಕು ಕೈತಪ್ಪುತ್ತದೆ. ಸ್ಲೈಡನ್ನು ಹಿಂದೆಯೇ ನಿಲ್ಲಿಸಿ ಚೇಂಬರನ್ನು ಬೆಳಕಿಗೆ ಹಿಡಿದು ನೋಡಬೇಕು, ಮತ್ತು ಕಿರುಬೆರಳಿನ ತುದಿಯನ್ನು ಒಳಗಿಟ್ಟು ಗೂಡು ಬರಿದಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುವುದುಂಟು. ಬೆರಳಿಗೆ ಆ ದೋಷ ಕಡಿಮೆ.

ಇದೇ ಎರಡು ಕೆಲಸಗಳನ್ನು ಹಿಂದುಮುಂದಾಗಿ ಮಾಡಿದರೆ ಏನಾಗುತ್ತದೆಂದು ನೋಡಿ. ಮ್ಯಾಗಜೀನ್ ಒಳಗಿದ್ದಾಗಲೇ ಸ್ಲೈಡ್ ಎಳೆದರೆ ಚೇಂಬರಿನ ತೋಟಾ ಹೊರಬೀಳುತ್ತದೆ, ನಿಜ. ಆದರೆ ಸ್ಲೈಡ್ ಮುಂದೆ ಬರುವಾಗ ಮ್ಯಾಗಜೀನಿನಿಂದ ಇನ್ನೊಂದು ತೋಟಾವನ್ನು ದೂಡಿಕೊಂಡು ಬಂದು ಗೂಡಿನಲ್ಲಿ ಕೂರಿಸುತ್ತದೆ. ಆಮೇಲೆ ಮ್ಯಾಗಜೀನ್ ಕಳಚಿದವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ: ನೆಲದ ಮೇಲೆ ಒಂದು ತೋಟಾ, ಮೇಜಿನ ಮೇಲೆ ಮ್ಯಾಗಜೀನ್, ಕೈಯಲ್ಲಿ 'ಖಾಲಿ' ಪಿಸ್ತೂಲು. ಒಳಗೆ ತುತ್ತು ಹಾಗೆಯೇ ಇದೆ. ಇನ್ನು, ಶುಚಿಗೊಳಿಸಲು ಬಿಚ್ಚುವ ಮುನ್ನ ಟ್ರಿಗರನ್ನು ಒಮ್ಮೆ ಎಳೆಯಲೇಬೇಕಾದ ಪಿಸ್ತೂಲುಗಳೂ ಇವೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ "ಒರೆಸುವಾಗ ಸಿಡಿಯಿತು" ಎಂಬ ಸುದ್ದಿಗಳಲ್ಲಿ ಹಲವು ಹೇಗೆ ಹುಟ್ಟುತ್ತವೆ ಎಂದು ಅರ್ಥವಾಗುತ್ತದೆ. ಶುಚಿಗೊಳಿಸುವ ಕೋಣೆಯಲ್ಲಿ ಒಂದು ತೋಟಾವೂ ಇರಬಾರದು ಎಂಬ ಕಟ್ಟುಪಾಡು ಬಂದದ್ದು ಇದರಿಂದಲೇ. ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ ಮಾಡುವವರಿಗೂ ಅದೇ ಕಟ್ಟುಪಾಡು.

ಬೇರೆ ಬಗೆಯ ಬಂದೂಕುಗಳಲ್ಲಿ ಕ್ರಮ ಬೇರೆ. ರಿವಾಲ್ವರಿನ ಸಿಲಿಂಡರನ್ನು, ಅಂದರೆ ತೋಟಾಗಳು ಕೂರುವ ತಿರುಗುವ ಉರುಳೆಯನ್ನು, ತೆರೆದು ಎಲ್ಲ ಗೂಡುಗಳನ್ನೂ ಒಂದೊಂದಾಗಿ ನೋಡಬೇಕು. ನಡುವೆ ಮಡಚುವ ಜೋಡುನಳಿಕೆಯ ಬಂದೂಕನ್ನು ಮಡಚಿದರೆ ಸಾಕು, ಖಾಲಿಯಿದ್ದರೆ ಎರಡೂ ನಳಿಕೆಗಳ ಮೂಲಕ ಬೆಳಕು ಕಾಣುತ್ತದೆ. ನಳಿಕೆಯ ಕೆಳಗಿನ ಕೊಳವೆಯಲ್ಲಿ ತೋಟಾ ತುಂಬುವ ಬಂದೂಕುಗಳಲ್ಲಿ ಕೊಳವೆಯೊಳಗೆ ಒಂದು ಸಿಕ್ಕಿಕೊಂಡು ಉಳಿಯುವ ಸಂಭವವಿದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯನ್ನಂತೂ ತೆರೆದು ನೋಡುವಂತೆಯೇ ಇಲ್ಲ. ಖಾಲಿ ನಳಿಕೆಯಲ್ಲಿ ಗಜ, ಅಂದರೆ ಮದ್ದು ಜಡಿಯುವ ಉದ್ದನೆಯ ಕೋಲು, ಎಷ್ಟು ಆಳಕ್ಕೆ ಇಳಿಯುತ್ತದೆಂದು ಮೊದಲೇ ಗಜದ ಮೇಲೆ ಗೆರೆ ಎಳೆದುಕೊಂಡಿದ್ದರೆ, ಆ ಗೆರೆ ನಳಿಕೆಯ ಬಾಯಿಂದ ಮೇಲೆಯೇ ನಿಂತಾಗ ಒಳಗೆ ಏನೋ ಇದೆ ಎಂದು ತಿಳಿಯುತ್ತದೆ. ಗಜ ಇಳಿಸುವಾಗಲೂ ಮುಖ, ಮೈ ನಳಿಕೆಯ ನೇರಕ್ಕೆ ಬರಬಾರದು. ಹಿರಿಯರಿಂದ ಬಂದ, ವರ್ಷಗಟ್ಟಲೆ ಮೂಲೆಯಲ್ಲಿದ್ದ ಕೋವಿಯನ್ನು ತಾವೇ ಪರೀಕ್ಷಿಸದೆ ಪರಿಣತ ಕೋವಿ ರಿಪೇರಿಯವರಲ್ಲಿ ತೋರಿಸುವುದು ಲೇಸು.

ಸೇಫ್ಟಿಯನ್ನು ಎಷ್ಟು ನಂಬಬಹುದು?

ಸೇಫ್ಟಿ ಎನ್ನುವುದು ಟ್ರಿಗರನ್ನೋ ಒಳಗಿನ ಯಂತ್ರವನ್ನೋ ತಡೆಹಿಡಿಯುವ ಒಂದು ಸಣ್ಣ ಸನ್ನೆ. ಅದನ್ನು ಬಳಸಬೇಕು, ಆದರೆ ಅದರ ಮೇಲೆ ಭಾರ ಹಾಕಬಾರದು. ಸವೆತ, ಕೊಳೆ, ತಪ್ಪು ರಿಪೇರಿಗಳಿಂದ ಅದು ಕೆಡಬಹುದು. ಕೆಲವು ಬಂದೂಕುಗಳಲ್ಲಿ ಕೈಯಿಂದ ಒತ್ತುವ ಸೇಫ್ಟಿ ಇರುವುದೇ ಇಲ್ಲ. ಹಳೆಯ ವಿನ್ಯಾಸದ ಕೆಲವು ರಿವಾಲ್ವರ್‌ಗಳಲ್ಲಿ ತೋಟಾಕ್ಕೆ ಪೆಟ್ಟು ಕೊಡುವ ಸುತ್ತಿಗೆ ನೇರವಾಗಿ ತೋಟಾದ ಮೇಲೆಯೇ ಒರಗಿರುವುದರಿಂದ ಕೆಳಗೆ ಬಿದ್ದ ಪೆಟ್ಟಿಗೇ ಸಿಡಿದ ಪ್ರಸಂಗಗಳಿವೆ. ಕೈಜಾರಿದ ಬಂದೂಕನ್ನು ಬೀಳುತ್ತಿರುವಾಗಲೇ ಹಿಡಿಯಲು ಹೋಗಬಾರದು ಎಂದು ತರಬೇತುದಾರರು ಒತ್ತಿ ಹೇಳುತ್ತಾರೆ: ಸುಸ್ಥಿತಿಯಲ್ಲಿರುವ ಈಗಿನ ಬಂದೂಕು ಬಿದ್ದ ಮಾತ್ರಕ್ಕೆ ಸಿಡಿಯುವುದು ಅಪರೂಪ, ತಡಬಡಿಸಿ ಹಿಡಿಯುವ ಬೆರಳು ಟ್ರಿಗರಿಗೆ ಸಿಕ್ಕುವುದು ಅಪರೂಪವಲ್ಲ.

ತಪ್ಪು ತೋಟಾ, ಸಿಡಿಯದ ತೋಟಾ

ನಳಿಕೆಯ ಮೇಲೆ ಕೆತ್ತಿರುವ ಅಳತೆಯೂ ತೋಟಾದ ಮೇಲಿನ ಅಳತೆಯೂ ಅಕ್ಷರಶಃ ಒಂದೇ ಆಗಿರಬೇಕು. ಚರೆ ಹಾರಿಸುವ ಬಂದೂಕುಗಳಲ್ಲಿ ಈ ಅಳತೆಯನ್ನು ಗೇಜ್ ಎನ್ನುತ್ತಾರೆ. ಸುಮಾರು 454 ಗ್ರಾಮ್, ಅಂದರೆ ಒಂದು ಪೌಂಡ್ ಸೀಸದಿಂದ ನಳಿಕೆಯಷ್ಟೇ ದಪ್ಪದ ಎಷ್ಟು ಉಂಡೆಗಳಾಗುತ್ತವೆ ಎಂಬ ಲೆಕ್ಕ ಅದು. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ನಳಿಕೆ ಸಣ್ಣದು. 12 ಗೇಜಿನ ನಳಿಕೆ ಸುಮಾರು 18.5 ಮಿ.ಮೀ., 20 ಗೇಜಿನದು ಸುಮಾರು 15.6 ಮಿ.ಮೀ. ಕಿಸೆಯಲ್ಲಿ ಎರಡೂ ಬೆರೆತು, 20 ಗೇಜಿನ ತೋಟಾವನ್ನು 12 ಗೇಜಿನ ಬಂದೂಕಿಗೆ ಹಾಕಿದರೆ ಅದು ಚೇಂಬರಿನಲ್ಲಿ ನಿಲ್ಲದೆ ಮುಂದಕ್ಕೆ ಜಾರಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಂದೂಕು ಸಿಡಿಯುವುದಿಲ್ಲ, ಹಾಕಲು ಮರೆತೆ ಎಂದುಕೊಂಡು 12 ಗೇಜಿನ ಇನ್ನೊಂದನ್ನು ತುಂಬಿ ಎಳೆದರೆ ಎರಡೂ ಸೇರಿ ಮುಂಗೈಯ ಬಳಿಯೇ ನಳಿಕೆಯನ್ನು ಸೀಳುತ್ತವೆ. 20 ಗೇಜಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ತಯಾರಿಸುವ ರೂಢಿ ಬಂದದ್ದು ಇದನ್ನು ತಪ್ಪಿಸಲು.

ಟ್ರಿಗರ್ ಎಳೆದಾಗ 'ಟಕ್' ಎಂಬ ಸದ್ದು ಮಾತ್ರ ಬಂದರೆ ತಕ್ಷಣ ತೆರೆದು ನೋಡಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಕೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾದು, ಆಮೇಲೆ ತೆರೆಯಬೇಕು. ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಇದಕ್ಕಿಂತ ಮೋಸದ್ದು, ಎಂದಿನ ಸದ್ದಿನ ಬದಲು ಮೆತ್ತಗೆ 'ಪುಸ್' ಎಂದು ಕೇಳಿಸುವುದು. ಮದ್ದಿನ ಬಲ ಸಾಲದೆ ಗುಂಡು ನಳಿಕೆಯ ನಡುವೆಯೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಬಂದರೆ ನಳಿಕೆ ಒಡೆಯುತ್ತದೆ. ಸದ್ದು, ಒದೆತ ಬೇರೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಖಾಲಿ ಮಾಡಿ, ನಳಿಕೆ ತೆರವಾಗಿದೆಯೇ ಎಂದು ನೋಡಬೇಕು. ಎಡವಿದಾಗ ನಳಿಕೆಯ ಬಾಯಿಗೆ ಮೆತ್ತಿದ ಮಣ್ಣು, ಒಳಗೆ ಉಳಿದ ಒರೆಸುಬಟ್ಟೆಯ ಚೂರುಗಳೂ ಇದೇ ಅನಾಹುತ ತರಬಲ್ಲವು.

ಕಿವಿ, ಕಣ್ಣು, ಕೈಗಂಟುವ ಸೀಸ

ಬಂದೂಕಿನ ಸದ್ದು ಬಹುತೇಕ 140 ಡೆಸಿಬಲ್‌ನಿಂದ 170 ಡೆಸಿಬಲ್ ನಡುವೆ ಇರುತ್ತದೆ. 140 ದಾಟಿದ ಸದ್ದು ಒಂದೇ ಬಾರಿಗೆ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯೊಳಗೆ ಇಡುವ ಬಿರಡೆ, ಅದರ ಮೇಲೆ ಹೊರಗಿನಿಂದ ಮುಚ್ಚುವ ಕಿವಿಗಾಪು, ಎರಡನ್ನೂ ಬಳಸುವುದು ಉತ್ತಮ, ಮುಚ್ಚಿದ ಜಾಗದಲ್ಲಂತೂ ಕಡ್ಡಾಯವೆಂದೇ ಭಾವಿಸಬೇಕು. ಹಾರಿಬರುವ ಬಿಸಿ ಕೊಳವೆ, ಕಿಡಿ, ಲೋಹದ ಚೂರುಗಳಿಂದ ಕಣ್ಣನ್ನು ಕಾಯಲು ಕನ್ನಡಕ ಬೇಕು. ಗುಂಡಿನಲ್ಲೂ ಅನೇಕ ಪ್ರೈಮರ್‌ಗಳಲ್ಲೂ ಸೀಸವಿರುವುದರಿಂದ ಅಭ್ಯಾಸದ ನಡುವೆ ಏನನ್ನೂ ತಿನ್ನಬಾರದು. ಮುಗಿದ ಮೇಲೆ ಸೋಪು ಹಚ್ಚಿ ಕೈ, ಮುಖ ತೊಳೆದು, ಆ ಬಟ್ಟೆಯಲ್ಲೇ ಮಕ್ಕಳನ್ನು ಎತ್ತಿಕೊಳ್ಳದಿರಬೇಕು.

ಮನೆಯೊಳಗೆ ಇಡುವುದು

ಬಂದೂಕು ಕೈಯಲ್ಲಿರುವುದಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಇಟ್ಟಲ್ಲೇ ಇರುತ್ತದೆ. ಹಾಗಾಗಿ ಇಡುವ ಬಗೆಯೇ ಸುರಕ್ಷತೆಯ ದೊಡ್ಡ ಪಾಲು. ಖಾಲಿ ಮಾಡಿ, ಬೀಗ ಹಾಕಿ, ತೋಟಾಗಳನ್ನು ಬೇರೆ ಕಡೆ ಬೇರೆ ಬೀಗದಲ್ಲಿ ಇಡುವುದು ಎಲ್ಲೆಡೆ ಹೇಳುವ ಕ್ರಮ. ಉಕ್ಕಿನ ಪೆಟ್ಟಿಗೆ ಇಲ್ಲದವರು ಚೇಂಬರಿನ ಮೂಲಕ ಹಾಯುವ ಕೇಬಲ್ ಬೀಗವನ್ನು ಬಳಸಬಹುದು. ಅದು ಕೂತಿದೆ ಎಂದರೆ ಗೂಡು ಬರಿದಾಗಿದೆ ಎಂದೇ ಅರ್ಥ. ಟ್ರಿಗರಿಗೆ ಹಾಕುವ ಬೀಗವನ್ನು ಮಾತ್ರ ತುಂಬಿದ ಬಂದೂಕಿಗೆ ಎಂದೂ ಹಾಕಬಾರದು, ಏಕೆಂದರೆ ಬೀಗದ ಭಾಗವೇ ಟ್ರಿಗರನ್ನು ಒತ್ತಬಹುದು.

ಅಟ್ಟದ ಮೇಲೆ, ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟರೆ ಸಾಕೆಂದು ತಿಳಿದವರು 2001ರಲ್ಲಿ ಅಮೆರಿಕದ ಮಕ್ಕಳ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡಬೇಕು. 8ರಿಂದ 12 ವರ್ಷದ 64 ಹುಡುಗರನ್ನು ಎರಡು ಮೂರು ಜನರ 29 ಗುಂಪುಗಳಾಗಿ ಒಂದು ಕೋಣೆಯಲ್ಲಿ ಬಿಟ್ಟು, ಗುಂಡಿಲ್ಲದ ನಿಜವಾದ ಪಿಸ್ತೂಲನ್ನು ಡ್ರಾಯರಿನಲ್ಲಿ ಇರಿಸಲಾಗಿತ್ತು. 21 ಗುಂಪುಗಳು ಅದನ್ನು ಕಂಡುಕೊಂಡವು, 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಒಬ್ಬನಾದರೂ ಟ್ರಿಗರ್ ಎಳೆದಿದ್ದ. ಹಾಗೆ ಮುಟ್ಟಿದ ಹುಡುಗರಲ್ಲಿ ಹೆಚ್ಚಿನವರಿಗೆ ಬಂದೂಕಿನ ಬಗ್ಗೆ ಮೊದಲೇ ಬುದ್ಧಿ ಹೇಳಲಾಗಿತ್ತು. ಇನ್ನೂ ಪುಟ್ಟ ಮಕ್ಕಳ ತೋರುಬೆರಳಿಗೆ ಬಲ ಸಾಲದಿದ್ದರೆ ಅವರು ಪಿಸ್ತೂಲನ್ನು ತಿರುಗಿಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತುತ್ತಾರೆ, ಆಗ ನಳಿಕೆ ಅವರ ಮುಖಕ್ಕೇ ನೇರವಾಗಿರುತ್ತದೆ. ಮಕ್ಕಳಿಗೆ "ಕಂಡರೆ ಮುಟ್ಟಬೇಡ, ದೂರ ಹೋಗಿ ದೊಡ್ಡವರಿಗೆ ಹೇಳು" ಎಂದು ಕಲಿಸಬೇಕು. ಆದರೆ ಬೀಗದ ಹೊಣೆ ದೊಡ್ಡವರದೇ.

ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಸಾವಿನ ಮಾತಾಡುತ್ತಿದ್ದರೆ ಬೀಗವೂ ಸಾಲದು. ಜೀವ ತೆಗೆದುಕೊಳ್ಳುವ ಆವೇಗ ಎಷ್ಟೋ ಸಲ ಕೆಲವೇ ಹೊತ್ತಿನದು. ಆ ಹೊತ್ತು ಕಳೆದರೆ, ನೆರವು ಸಿಕ್ಕರೆ, ಹೆಚ್ಚಿನವರು ಬದುಕಿಗೆ ಮರಳುತ್ತಾರೆ. ಅಂಥ ದಿನಗಳಲ್ಲಿ ಬಂದೂಕನ್ನೂ ತೋಟಾಗಳನ್ನೂ ಕಾನೂನು ಒಪ್ಪುವ ಬೇರೆ ಸುರಕ್ಷಿತ ಜಾಗಕ್ಕೆ ಸಾಗಿಸಬೇಕು, ವೈದ್ಯರನ್ನು ತಡಮಾಡದೆ ಕಾಣಬೇಕು. ಅದನ್ನು ಯಾವಾಗ ಮರಳಿ ತರಬೇಕೆಂಬುದನ್ನು ಮನೆಯವರು ಚಿಕಿತ್ಸೆ ನೀಡುತ್ತಿರುವವರೊಂದಿಗೆ ಮಾತಾಡಿಯೇ ತೀರ್ಮಾನಿಸಬೇಕು.